ಜಿಲ್ಲೆ ದಾಟಿದರೆ ಮಲಗುವ ಲ್ಯಾಪ್‌ಟಾಪ್

ನನ್ನ ಲ್ಯಾಪ್‌ಟಾಪ್ 2013ರದು. ಬೆಳಿಗ್ಗೆ ಅದರ ಸ್ವಿಚ್ ಒತ್ತಿ ಸ್ನಾನಕ್ಕೆ ಹೋದರೆ, ನಾನು ಬಂದು ತಿಂಡಿ ಮುಗಿಸುವ ಹೊತ್ತಿಗೆ ಅದು ಕಣ್ಣು ಬಿಟ್ಟಿರುತ್ತಿತ್ತು. ಬ್ಯಾಟರಿ ಸತ್ತು ವರ್ಷಗಳೇ ಆಗಿದ್ದವು. ಚಾರ್ಜರಿನ ವೈರು ಕಿತ್ತ ಕ್ಷಣವೇ ಪ್ರಾಣ ಹೋಗುತ್ತಿತ್ತು. ಹೊಸದು ಕೊಳ್ಳುವ ಮಾತು ತೆಗೆದೆ. "ಹತ್ತು ವರ್ಷಕ್ಕೆಲ್ಲ ಬದಲಿ ಮಾಡೋದಾಗಿದ್ರ ನಿಮ್ಮನ್ನ ಯಾವಾಗೋ ಮಾಡಬೇಕಿತ್ತು" ಅಂದಳು ಮನೆಯಾಕೆ. ಅಲ್ಲಿಗೆ ಆ ಮಾತು ಮುಗಿಯಿತು.

ಹಾಗಾಗಿ ಕಂಪ್ಲಿಯಿಂದ ಹೊಸಪೇಟೆಗೆ ಬಸ್ ಹತ್ತಿದೆ. ರಿಪೇರಿ ಅಂಗಡಿಯ ಹುಡುಗ ಕಿವಿಗೊಟ್ಟು ಕೇಳಿ, "ಮಷೀನಿಗೆ ಏನೂ ಆಗಿಲ್ರಿ ಸರ, ಹಾರ್ಡ್‌ಡಿಸ್ಕ್ ಮುದಿ ಆಗೇತಿ. ಎಸ್‌ಎಸ್‌ಡಿ ಹಾಕಿದ್ರ ಕುದುರಿ ಓಡಿದಂಗ ಓಡ್ತೈತಿ" ಅಂದ. ಗೊತ್ತಿಲ್ಲದೆ ಬಂದವನೇ ನಾನು? ಆನ್‌ಲೈನಿನಲ್ಲಿ ಆಗಲೇ ತರಿಸಿದ್ದ ಎಸ್‌ಎಸ್‌ಡಿಯನ್ನು ಜೇಬಿನಿಂದ ಠೀವಿಯಿಂದ ತೆಗೆದಿಟ್ಟೆ. ಚೂಯಿಂಗ್ ಗಮ್ ಪಟ್ಟಿಯಷ್ಟಿತ್ತು. ಅವನು ಅದನ್ನು ತಿರುಗಿಸಿ ನೋಡಿ, "ಇದು ಎಂ.2 ರೀ. ಇದು ಕೂಡ್ರಾಕ ನಿಮ್ಮ ಲ್ಯಾಪ್‌ಟಾಪ್‌ನ್ಯಾಗ ಜಾಗನ ಇಲ್ಲ" ಎಂದು ಮರ್ಯಾದೆಯಿಂದಲೇ ಹಿಂದಕ್ಕೆ ಕೊಟ್ಟ. ಹಳೆಯ ಯಂತ್ರಕ್ಕೆ ಬೇಕಾದದ್ದು 2.5 ಇಂಚಿನ ಸಾಟಾ ಡ್ರೈವ್. ಅದು ಅವನ ಅಂಗಡಿಯಲ್ಲೇ ಇತ್ತು.

ಸ್ಕ್ರೂ ಬಿಚ್ಚಿ ತಳ ತೆಗೆದರೆ ಒಳಗೆಲ್ಲ ಕುಂಕುಮ ಚೆಲ್ಲಿದಂತೆ ಕೆಂಪು. ನಾನು ಆರು ವರ್ಷ ಸಂಡೂರಿನಲ್ಲಿ ಮೇಷ್ಟ್ರಾಗಿದ್ದೆ. ಅಲ್ಲಿ ಅದಿರಿನ ಲಾರಿಗಳು ಎಬ್ಬಿಸುತ್ತಿದ್ದ ಧೂಳೆಲ್ಲ ಫ್ಯಾನಿನ ಬಾಯಿಯಿಂದ ಒಳಗೆ ಹೋಗಿ ಮನೆ ಮಾಡಿತ್ತು. ಪರ್ಮಿಟ್ ಇಲ್ಲದೆ ಅದಿರು ಸಾಗಿಸಿದ್ದಾನೆಂದು ನನ್ನ ಮೇಲೆ ಕೇಸು ಬಿದ್ದಿದ್ದರೂ ವಾದಿಸಲು ನನ್ನಲ್ಲಿ ಏನೂ ಇರಲಿಲ್ಲ. ಹುಡುಗ ಬ್ರಷ್ಷಿನಿಂದ ಅದನ್ನೆಲ್ಲ ಗುಡಿಸಿದ. ರ‍್ಯಾಮ್ ಕಿತ್ತು, ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ಗಸಗಸ ಉಜ್ಜಿ ಮತ್ತೆ ಕೂಡಿಸಿದ.

ವಿಂಡೋಸ್ ಹಾಕಿ ಮುಗಿದಾಗ ನನಗೊಂದು ಅನುಮಾನ ಹುಟ್ಟಿತು. ಡಬ್ಬಿಯ ಮೇಲೆ 256 ಜಿಬಿ, ಪರದೆಯ ಮೇಲೆ 238. "ಉಳಿದದ್ದೆಲ್ಲಿ ತಮ್ಮಾ?" ಎಂದೆ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಅಳೆದು ಮಾರುತ್ತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ ಅಳೆದು ತೋರಿಸುತ್ತದೆ ಎಂದು ಆತ ಬಿಡಿಸಿ ಹೇಳಿದ. ನನ್ನ ಪೆಚ್ಚು ಮುಖ ನೋಡಿ, "ನಮ್ಮ ಡ್ಯಾಮ್ ಕಟ್ಟಿದಾಗ 133 ಟಿಎಂಸಿ ಇತ್ತಂತ್ರಿ, ಈಗ ಹೂಳು ತುಂಬಿ 105ಕ್ಕ ಬಂದೈತಿ. ನಿಮ್ಮದರಾಗ ಹೂಳಾದ್ರೂ ಇಲ್ಲ" ಎಂದು ಸೇರಿಸಿದ. ಹೊಸಪೇಟೆಯವರಿಗೆ ಸಮಾಧಾನ ಹೇಳುವುದಕ್ಕೂ ಡ್ಯಾಮೇ ಬೇಕು.

ಕಂಪ್ಲಿಗೆ ಬಂದು, ಮನೆಯವರನ್ನೆಲ್ಲ ಸುತ್ತ ಕೂಡಿಸಿಕೊಂಡು ಸ್ವಿಚ್ ಒತ್ತಿದೆ. ಕಪ್ಪು ಪರದೆ, ಬಿಳಿ ಅಕ್ಷರ: ಬೂಟ್ ಮಾಡುವಂಥ ಡಿಸ್ಕೇ ಇಲ್ಲವಂತೆ. ಮರುದಿನ ಮತ್ತೆ ಹೊಸಪೇಟೆ. ಲ್ಯಾಪ್‌ಟಾಪ್ ಕೊಟ್ಟು, ಎದುರಿನ ಗಾಡಿಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಬರುವಷ್ಟರಲ್ಲಿ ಅದು ಪಟಪಟನೆ ಓಡುತ್ತಿತ್ತು. "ಏನೂ ಆಗಿಲ್ರಿ." ಊರಿಗೆ ತಂದರೆ ಮತ್ತೆ ಅದೇ ಕಪ್ಪು ಪರದೆ.

ಹೊಸಪೇಟೆ ವಿಜಯನಗರ ಜಿಲ್ಲೆ, ಕಂಪ್ಲಿ ಬಳ್ಳಾರಿ ಜಿಲ್ಲೆ. ಗಡಿ ದಾಟಿದೊಡನೆ ಡ್ರೈವ್ ಮುಷ್ಕರ ಹೂಡುತ್ತಿದೆ ಎಂಬ ಸಿದ್ಧಾಂತಕ್ಕೆ ನಾನು ಬಂದೆ. ಅಲ್ಲಿ ಡ್ಯಾಮಿನ ಗೇಟು ಎತ್ತಿದರೆ ಇಲ್ಲಿ ನಮ್ಮ ಸೇತುವೆ ಮುಳುಗುತ್ತದೆ. ಹೊಸಪೇಟೆಯವರು ಏನು ಮಾಡಿದರೂ ಅನುಭವಿಸುವವರು ಕಂಪ್ಲಿಯವರೇ ಎಂಬುದು ನಮ್ಮಲ್ಲಿ ಮೊದಲಿಂದಲೂ ಇರುವ ಅಭಿಪ್ರಾಯ.

ಸಿದ್ಧಾಂತವನ್ನು ಒರೆಗೆ ಹಚ್ಚಬೇಕಲ್ಲ. ಮೂರನೆಯ ಸಲ ಹೋಗುವಾಗ, ಹಂಪಿಯಲ್ಲಿ ಗೈಡ್ ಆಗಿರುವ ಷಡ್ಡಕನ ಮನೆಯಲ್ಲಿ ಇಳಿದೆ. ಹಂಪಿಯೂ ವಿಜಯನಗರ ಜಿಲ್ಲೆಯೇ. ಅಲ್ಲೂ ಲ್ಯಾಪ್‌ಟಾಪ್ ಏಳಲಿಲ್ಲ. ಸಿದ್ಧಾಂತ ಬಿದ್ದುಹೋಯಿತು. ಹಳೆಯ ಡಿಸ್ಕು ನಿಮಿಷಕ್ಕೆ 5400 ಸುತ್ತು ತಿರುಗುತ್ತಿತ್ತು, ಹೊಸದರಲ್ಲಿ ತಿರುಗುವ ಭಾಗವೇ ಇಲ್ಲ ಎಂದು ನಾನು ವಿವರಿಸಿದಾಗ ಷಡ್ಡಕ ಗೈಡಿನ ದನಿಯಲ್ಲೇ ಹೇಳಿದ: "ವಿಠ್ಠಲ ಗುಡಿಯ ಕಲ್ಲಿನ ರಥದ ಗಾಲಿನೂ ಒಂದು ಕಾಲಕ್ಕ ತಿರುಗ್ತಿತ್ತು ಅಣ್ಣಾ. ಈಗ ನಿಂತೈತಿ. ಆದ್ರ ಅದನ್ನ ನಾವು ಓಡಸಾಕ ಹೋಗಂಗಿಲ್ಲ."

ಈ ಸಲ ಮಿರ್ಚಿಗೆ ಹೋಗದೆ ಹುಡುಗನ ಪಕ್ಕದಲ್ಲೇ ಕುಳಿತೆ. ಅಂಗಡಿಯಲ್ಲೂ ಮೊದಲು ಕಪ್ಪು ಪರದೆಯೇ! ಆತ ಅಭ್ಯಾಸಬಲದಿಂದ ಟಕಟಕ ಕೀ ಒತ್ತಿ ಬಯಾಸ್ ಪುಟಕ್ಕೆ ಹೋಗಿ ಏನನ್ನೋ ಬದಲಿಸಲು ಹೊರಟಿದ್ದ. ಆ ಪುಟದ ಮೂಲೆಯಲ್ಲಿ ತಾರೀಖು ಕಂಡಿತು: 1 ಜನವರಿ 2013. "ಇದೇನಪ್ಪಾ?" ಎಂದೆ. ಅವನ ಬೆರಳು ನಿಂತಿತು.

ಮದರ್‌ಬೋರ್ಡಿನ ಮೇಲೆ ಎಂಟಾಣೆಯಷ್ಟಗಲದ ಒಂದು ಸೆಲ್ ಇರುತ್ತದೆ. ಕರೆಂಟಿಲ್ಲದಾಗ ತಾರೀಖನ್ನೂ ಸೆಟ್ಟಿಂಗುಗಳನ್ನೂ ನೆನಪಿಡುವುದು ಅದರ ಕೆಲಸ. ಅದು ಸತ್ತಿತ್ತು. ದೊಡ್ಡ ಬ್ಯಾಟರಿಯೂ ಇಲ್ಲದ್ದರಿಂದ, ಚಾರ್ಜರ್ ಕಿತ್ತಾಗಲೆಲ್ಲ ನನ್ನ ಲ್ಯಾಪ್‌ಟಾಪ್ ತಾನು ಹುಟ್ಟಿದ ವರ್ಷಕ್ಕೆ ವಾಪಸ್ಸು ಹೋಗುತ್ತಿತ್ತು. ಆಗಿನ್ನೂ ಇಂಗ್ಲಿಷಿನಲ್ಲಿ ನಮ್ಮ ಹೊಸಪೇಟೆ 'ಹಾಸ್ಪೆಟ್' ಆಗಿತ್ತು. ವಿಜಯನಗರ ಜಿಲ್ಲೆ ಹುಟ್ಟಿದ್ದು 2021ರಲ್ಲಿ. ಪಾಪ, ಅದು ಗಡಿ ದಾಟಿಯೇ ಇರಲಿಲ್ಲ, ಹೋದಲ್ಲೆಲ್ಲ ಹಳೆಯ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು! ಹಳೆಯ ಹಾರ್ಡ್‌ಡಿಸ್ಕ್ ಲೆಗಸಿ ಎಂಬ ಹಳೆಯ ಪದ್ಧತಿಯಲ್ಲೇ ಏಳುತ್ತಿದ್ದುದರಿಂದ ಸೆಲ್ ಸತ್ತದ್ದು ಯಾರಿಗೂ ಗೊತ್ತಾಗಿರಲಿಲ್ಲ. ಹೊಸ ಡ್ರೈವಿಗೆ ಹುಡುಗ ವಿಂಡೋಸ್ ಹಾಕಿದ್ದು ಯುಇಎಫ್‌ಐ ಪದ್ಧತಿಯಲ್ಲಿ. ಅದನ್ನು ಒಪ್ಪಿಕೊಳ್ಳುವ ಸೆಟ್ಟಿಂಗು ಬಸ್ಸಿನಲ್ಲಿ ಕಮಲಾಪುರ ದಾಟುವ ಮೊದಲೇ ಅಳಿಸಿಹೋಗಿರುತ್ತಿತ್ತು.

"ಅಷ್ಟು ಸಾವಿರ ಸುರಿದು ಡ್ರೈವ್ ಹಾಕಿಸಿದ್ದು ಈ ಗುಂಡಿಗಾಗಿ ನಿಂತಿತ್ತೇ?" ಎಂದೆ.

"ಡ್ಯಾಮಿಗೂ ಏನೂ ಆಗಿರಲಿಲ್ಲಲ್ರಿ ಸರ. 2024ರಾಗ 19ನೇ ಗೇಟಿಂದು ಹರಿದದ್ದು ಬರೇ ಚೈನು" ಅಂದ.

ಸೆಲ್ಲಿಗೆ 40 ರೂಪಾಯಿ. ಈಗ ಲ್ಯಾಪ್‌ಟಾಪ್ ಕಂಪ್ಲಿಯಲ್ಲೂ ಇಪ್ಪತ್ತು ಸೆಕೆಂಡಿಗೆ ಏಳುತ್ತದೆ. ಸ್ನಾನಕ್ಕೆ ಹೋಗಲೂ ಬಿಡುವಿಲ್ಲ. ಮೂರು ಸಲದ ಬಸ್ ಚಾರ್ಜು, ಒಗ್ಗರಣೆ, ಮಿರ್ಚಿ ಎಲ್ಲ ಕೂಡಿಸಿ ಲೆಕ್ಕ ಒಪ್ಪಿಸಿದಾಗ ಮನೆಯಾಕೆ ಹೇಳಿದ್ದು ಇಷ್ಟೇ: "ನನ್ನ ಕೈಯಾಗ ಕೊಟ್ಟು ಕಳಿಸಿದ್ರ ಬಸ್ಸಾದ್ರೂ ಫ್ರೀ ಇತ್ತು."