ಪೈಲಟ್ ಆಗುವವರಿಗೆ ಒಂದು ಕೈಪಿಡಿ

ಮೊದಲು ಊರಿಗೆಲ್ಲ ಹೇಳಿ. ಕೊಡಿಗೇನಹಳ್ಳಿ ಬಸ್ ಸ್ಟ್ಯಾಂಡಿನ ಹೋಟೆಲಲ್ಲಿ ಟೀ ಕುಡಿಯುತ್ತಾ ‘ಪೈಲಟ್ ಆಗ್ತಿದೀನಿ’ ಅಂದರೆ ಸಾಕು, ಸಂಜೆಯೊಳಗೆ ಸುದ್ದಿ ಮಧುಗಿರಿಗೂ ಹಿಂದೂಪುರಕ್ಕೂ ಮುಟ್ಟುತ್ತದೆ. ಕೂಲಿಂಗ್ ಗ್ಲಾಸ್ ಹಾಕಿಕೊಂಡು ಒಂದು ಫ್ಲೆಕ್ಸ್ ಮಾಡಿಸಿ. ಹಿಂದೆ ಸರಿಯುವ ದಾರಿ ಮುಚ್ಚಿತೆಂದರೆ ಮುಂದಿನ ತಪ್ಪುಗಳೆಲ್ಲ ತಾವಾಗಿಯೇ ಆಗುತ್ತವೆ.

ಆಮೇಲೆ ಜಮೀನು ಮಾರಿ. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಬೇಕು, ಖರ್ಚು ಹತ್ತಾರು ಲಕ್ಷ. ಯಾವುದಾದರೂ ಖಾಸಗಿ ಹಾರಾಟ ಶಾಲೆಗೆ ಪೂರ್ತಿ ಫೀಸನ್ನು ಒಂದೇ ಕಂತಿನಲ್ಲಿ ಕಟ್ಟಿಬಿಡಿ. ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟಿವೆ, ಒಂದೊಂದಕ್ಕೆ ಎಷ್ಟು ವಿದ್ಯಾರ್ಥಿಗಳು ಎಂದೆಲ್ಲ ಕೇಳಿ ದೊಡ್ಡವರ ಮನಸ್ಸು ನೋಯಿಸಬೇಡಿ. ಜಕ್ಕೂರಿನಲ್ಲಿ 1940ರ ದಶಕದ ಕೊನೆಯಿಂದ ಸರ್ಕಾರದ್ದೇ ಶಾಲೆ ಇದೆಯಲ್ಲ ಎಂದು ಯಾರಾದರೂ ನೆನಪಿಸಿದರೆ ನಕ್ಕು ಸುಮ್ಮನಾಗಿ. ರಸೀದಿ ಕೈಗೆ ಬಂದ ಮೇಲೆ ವೈದ್ಯಕೀಯ ಪರೀಕ್ಷೆಗೆ ಹೋಗಿ. ಅದನ್ನು ಮೊದಲೇ ಮಾಡಿಸುವವರು ಅಪನಂಬಿಕೆಯ ಜನ. ನಿಮಗೆ ಬಣ್ಣಗುರುಡು ಇದೆಯೆಂಬುದು ಜಮೀನು ರಿಜಿಸ್ಟರ್ ಆದ ಮೇಲೆ ಗೊತ್ತಾದರೆ ಅದರ ತೂಕವೇ ಬೇರೆ.

ಲಿಖಿತ ಪರೀಕ್ಷೆಗಳಲ್ಲಿ ನೂರಕ್ಕೆ 70 ಬೇಕು. ಉರುಹೊಡೆಯಿರಿ, ಮರೆಯಿರಿ.

ಬೆಳಿಗ್ಗೆ ವಿಮಾನದ ಸುತ್ತ ಬಂದು, ಟ್ಯಾಂಕಿನ ಅಡಿಯಿಂದ ಪುಟ್ಟ ಲೋಟಕ್ಕೆ ಇಂಧನ ಬಿಟ್ಟುಕೊಂಡು ನೀರು ಸೇರಿದೆಯಾ ಎಂದು ನೋಡುವ ಪದ್ಧತಿಯಿದೆ. ದೇವಸ್ಥಾನಕ್ಕೆ ಸುತ್ತು ಹಾಕಿ ಬಂದವರಿಗೆ ಇದು ಅನಗತ್ಯ.

ಒಬ್ಬರೇ ಹಾರಲು ಬಿಟ್ಟ ದಿನ ಮಂಜೂರಾದ ದಾರಿ ಬಿಟ್ಟು ನೇರ ಊರಿಗೆ ಬನ್ನಿ. ಇದು ಈ ಕೈಪಿಡಿಯ ಮುಖ್ಯ ಭಾಗ, ಗಮನವಿಟ್ಟು ಓದಿ. ಅಮ್ಮನಿಗೆ ಮೊದಲೇ ಫೋನ್ ಮಾಡಿ ಮಾಳಿಗೆ ಹತ್ತಿಸಿ. ಮೈದನಹಳ್ಳಿ ಕಾವಲಿನ ಕೃಷ್ಣಮೃಗಗಳು ಬೆದರುವಷ್ಟು ತಗ್ಗಿನಲ್ಲಿ ಹಾರಿ, ಮನೆಯ ಮೇಲೆ ಬಂದಾಗ ವೇಗ ಇಳಿಸಿ, ಮುಖ ಕಾಣಿಸಬೇಕಲ್ಲ. ಈಗ ವಿಮಾನವನ್ನು 60 ಡಿಗ್ರಿ ವಾಲಿಸಿ ತಿರುಗಿಸಿ. ಇಷ್ಟು ವಾಲಿಸಿ ಎತ್ತರ ಉಳಿಸಿಕೊಳ್ಳಲು ಹೋದರೆ, ತೇಲಿಕೊಂಡಿರಲು ಬೇಕಾದ ಕನಿಷ್ಠ ವೇಗ ಸುಮಾರು 40 ಪರ್ಸೆಂಟ್ ಏರುತ್ತದೆ. ಆ ಲೆಕ್ಕ ಪುಸ್ತಕದಲ್ಲಿತ್ತು, ನೀವು ಮರೆತಾಯಿತು. ಹಾರ್ನ್ ಕೂಗಿದರೆ ಅದು ಸ್ಟಾಲ್ ಆಗುವ, ಅಂದರೆ ರೆಕ್ಕೆಯ ಎತ್ತುವ ಬಲ ಕುಸಿಯುವ ಮುನ್ನಿನ ಎಚ್ಚರಿಕೆ. ಊರವರಿಗೆ ಕೇಳಿಸಲೆಂದು ಇಟ್ಟದ್ದು ಎಂದುಕೊಳ್ಳಿ. ವಾಲಿಕೆ ಸರಿಪಡಿಸಿ ಮೂಗು ತಗ್ಗಿಸು ಎಂದು ಮೇಷ್ಟ್ರು ಹೇಳಿರುತ್ತಾರೆ. ಆದರೆ ಅಮ್ಮ ನೋಡುತ್ತಿರುವಾಗ ಯಾರು ಮೂಗು ತಗ್ಗಿಸುತ್ತಾರೆ? ಕೈಹಿಡಿಯನ್ನು ಎತ್ತಿನ ಮೂಗುದಾರದಂತೆ ಜಗ್ಗಿ. ಎತ್ತು ನಿಲ್ಲುತ್ತದೆ. ವಿಮಾನದ ರೆಕ್ಕೆಯೂ ಕೆಲಸ ನಿಲ್ಲಿಸುತ್ತದೆ.

ಇಷ್ಟಾದರೂ ಉಳಿದುಕೊಂಡಿದ್ದರೆ ಮೋಡದೊಳಗೆ ನುಗ್ಗಿ. ಅಲ್ಲಿ ವಿಮಾನ ವಾಲಿದ್ದರೂ ನೆಟ್ಟಗಿದೆ ಎಂದು ಒಳಗಿವಿ ಹೇಳುತ್ತದೆ. ಮೀಟರು ಬೇರೆ ಹೇಳುತ್ತದೆ. ಕಿವಿಯನ್ನೇ ನಂಬಿ. ಮೀಟರು ಶಾಲೆಯದು, ಕಿವಿ ಸ್ವಂತದ್ದು.

ಇದೆಲ್ಲ ಅಪಾಯ ಅನ್ನಿಸಿದವರಿಗೆ ಕೋಣೆಯಲ್ಲೇ ಕೂತು ಹಾರುವ ವಿಧಾನವಿದೆ. ವಿಮಾನಯಾನದವರು ಅದನ್ನು ಪಾರ್ಕರ್ ಪೆನ್ ಗಂಟೆ ಅನ್ನುತ್ತಾರೆ. ಹಾರದ ಗಂಟೆಗಳನ್ನು ಲಾಗ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಗಾಳಿ, ಮಳೆ, ಇಂಧನ ಯಾವುದರ ಹಂಗೂ ಇಲ್ಲ. 2011ರಲ್ಲಿ ಪೈಲಟ್ ಪರೀಕ್ಷೆಯ ನಕಲಿ ಅಂಕಪಟ್ಟಿಯ ಹಗರಣ ಹೊರಬಿದ್ದು ದೇಶದಲ್ಲಿ ಕೆಲವು ಪೈಲಟ್‌ಗಳು ಜೈಲು ಸೇರಿದರು, ನಿಜ. ಧೈರ್ಯಗೆಡಬೇಡಿ. ಒಂದೇ ಶಾಯಿಯಲ್ಲಿ, ಒಂದೇ ರಾತ್ರಿ ಕೂತು ಬರೆದು ಮುಗಿಸಿ. ನೀವು ಹಾರಿದೆನೆಂದು ಬರೆದ ದಿನ ಆ ವಿಮಾನ ಎಂಜಿನ್ ಬಿಚ್ಚಿಕೊಂಡು ಷೆಡ್ಡಿನಲ್ಲಿ ನಿಂತಿತ್ತಾ ಎಂದು ನೋಡಲು ಹೋಗಬೇಡಿ. ತನಿಖೆಗೆ ಬರುವವರಿಗೂ ಒಂದಿಷ್ಟು ಕೆಲಸ ಉಳಿಸಿ.