ವಿರಹಕ್ಕೊಂದು ಟ್ರೈಪಾಡ್

ಪ್ರೇಮ ಮುರಿದರೆ ಗಡ್ಡ ಬಿಡುವ ಕಾಲವೊಂದಿತ್ತು. ಈಗ ಮದುವೆ ಗೊತ್ತಾದವರೂ ಗಡ್ಡ ಬಿಡುವುದರಿಂದ ಭಗ್ನಪ್ರೇಮಿಯ ಗುರುತು ಹಿಡಿಯುವುದು ಕಷ್ಟ. ಆದರೆ ಜಯನಗರ, ಮಲ್ಲೇಶ್ವರ, ಬಸವನಗುಡಿಗಳಲ್ಲಿ ಐದನೆಯ ವಯಸ್ಸಿಗೇ ಗೆಜ್ಜೆ ಕಟ್ಟಿ, ಈಗ ಹೊರವರ್ತುಲ ರಸ್ತೆಯ ಯಾವುದೋ ಗಾಜಿನ ಕಟ್ಟಡದಲ್ಲಿ ಕೆಲಸಕ್ಕಿರುವ ಹುಡುಗಿಯ ವಿಷಯದಲ್ಲಿ ಈ ಗೊಂದಲವಿಲ್ಲ. ಅವಳ ಮನಸ್ಸು ಮುರಿದರೆ ಕೆಲವೇ ತಿಂಗಳಲ್ಲಿ ಒಂದು ಕಿರು ನೃತ್ಯಚಿತ್ರ ಹೊರಬೀಳುತ್ತದೆ.

ಇವಳನ್ನು ನೀವು ಬಲ್ಲಿರಿ. ಜೂನಿಯರ್, ಸೀನಿಯರ್ ಪರೀಕ್ಷೆಗಳು ಪಾಸಾಗಿವೆ. ವಿದ್ವತ್ತಿಗೆ ಕಟ್ಟುವ ಹೊತ್ತಿಗೆ ಕ್ಯಾಂಪಸ್ ಸೆಲೆಕ್ಷನ್ ಬಂದು ಅದು ಅಲ್ಲಿಗೇ ನಿಂತಿದೆ. ಥಿಯರಿ ಪರೀಕ್ಷೆಗೆಂದು ಅಷ್ಟನಾಯಿಕೆಯರನ್ನು ಬಾಯಿಪಾಠ ಮಾಡಿದಾಗ ಅವಳಿಗೆ 14 ವರ್ಷ. ವಾಸಕಸಜ್ಜಿಕೆ ಸಿಂಗರಿಸಿಕೊಂಡು ಕಾಯುವವಳು, ವಿಪ್ರಲಬ್ಧೆ ಹೇಳಿದ ಜಾಗಕ್ಕೆ ಹೋಗಿ ಅವನಿಲ್ಲದೆ ಮೋಸಹೋದವಳು, ಕಲಹಾಂತರಿತೆ ಜಗಳವಾಡಿ ಓಡಿಸಿ ಆಮೇಲೆ ಪರಿತಪಿಸುವವಳು ಎಂದು ಉಸಿರು ಬಿಡದೆ ಒಪ್ಪಿಸಿದ್ದಳು. ಸುಖವಾಗಿರುವ ಸ್ವಾಧೀನಪತಿಕೆಯೊಬ್ಬಳನ್ನು ಬಿಟ್ಟು ಮಿಕ್ಕ ಏಳು ಅವಸ್ಥೆಗಳೂ ಒಂದೇ ವಾರದಲ್ಲಿ, ಅದೂ ವಾಟ್ಸ್ಆ್ಯಪ್‌ನಲ್ಲೇ, ಬಂದೆರಗಬಹುದೆಂದು ಪರೀಕ್ಷಕರು ಎಚ್ಚರಿಸಿರಲಿಲ್ಲ. ಅವನು ಆನ್‌ಸೈಟ್‌ಗೆಂದು ವಿಮಾನ ಹತ್ತಿದ ದಿನ ಇವಳು ಪ್ರೋಷಿತಭರ್ತೃಕೆ. ಎರಡು ನೀಲಿ ಗೆರೆ ಬಿದ್ದೂ ಉತ್ತರ ಬಾರದ ರಾತ್ರಿ ವಿರಹೋತ್ಕಂಠಿತೆ. ಅವನ ಪಕ್ಕದಲ್ಲಿ ಇನ್ನೊಬ್ಬಳ ಫೋಟೋ ಕಂಡ ಬೆಳಿಗ್ಗೆ ಖಂಡಿತೆ.

ಶಾಸ್ತ್ರದ ನಾಯಿಕೆ ಇಂಥ ಹೊತ್ತಿನಲ್ಲಿ ಸಖಿಯನ್ನು ಕರೆದು ಗೋಳು ಹೇಳಿಕೊಳ್ಳುತ್ತಾಳೆ. ಇವಳು ಸಖಿಯನ್ನು ಕರೆದು ಕೈಗೆ ಗಿಂಬಲ್ ಕೊಡುತ್ತಾಳೆ. ಪದಗಳಲ್ಲಿ, ಜಾವಳಿಗಳಲ್ಲಿ ಸಖಿಗಿದ್ದ ಕೆಲಸ ಒಂದೇ, ಅವನ ಮನೆಗೆ ಸಂದೇಶ ಒಯ್ಯುವುದು. ಇಂದಿನ ಸಖಿ ಒಯ್ಯಬೇಕಾದವು ಬಾಡಿಗೆ ಲೆನ್ಸು, ಮೂರು ಬ್ಯಾಟರಿ, ಇಸ್ತ್ರಿ ಮಾಡಿದ ಬಿಳಿ ಮಲ್‌ಮಲ್ ಸೀರೆ, ಮತ್ತೆ ಎಲ್ಲರಿಗೂ ಇಡ್ಲಿ-ವಡೆ.

ಚಿತ್ರ ತೆಗೆಯುವ ಮುನ್ನ ಚಿತ್ರ ನೋಡಬೇಕಲ್ಲ. ಮಾಯಾ ಡೆರೆನ್ 1945ರಲ್ಲಿ ತೆಗೆದ ಪುಟ್ಟ ಚಿತ್ರದಲ್ಲಿ ನರ್ತಕನೊಬ್ಬ ಕಾಡಿನಲ್ಲಿ ಎತ್ತಿದ ಕಾಲನ್ನು ಮನೆಯೊಳಗೆ ಇಳಿಸುತ್ತಾನೆ. ನಡುವಿನ ದಾರಿಯನ್ನು ಕತ್ತರಿ ನುಂಗಿಬಿಡುತ್ತದೆ. ಅದನ್ನು ಕಂಡ ಗಳಿಗೆಯಿಂದ ನಮ್ಮ ನಾಯಿಕೆ ತಾರಸಿಯ ಸಿಂಟೆಕ್ಸ್ ಪಕ್ಕ ಎತ್ತಿದ ಕಾಲನ್ನು ಎಲ್ಲಿ ಇಳಿಸಬೇಕೆಂಬ ಚಿಂತೆಯಲ್ಲಿದ್ದಾಳೆ. ವಿಮ್ ವೆಂಡರ್ಸ್ 2011ರಲ್ಲಿ ಪಿನಾ ಬೌಶ್ ಕುರಿತು ತೆಗೆದ ಚಿತ್ರದಲ್ಲಿ ನರ್ತಕರು ವುಪ್ಪರ್ಟಾಲ್ ಊರಿನ ರಸ್ತೆಗಳಲ್ಲಿ, ಅಲ್ಲಿನ ತೂಗುರೈಲಿನೊಳಗೆಲ್ಲ ಕುಣಿಯುತ್ತಾರೆ. ಹಾಗಾದರೆ ನಮ್ಮ ಮೆಟ್ರೊ ಏನು ಪಾಪ ಮಾಡಿದೆ? ಪಾಪ ಮಾಡಿಲ್ಲ, ಸೆಕ್ಯುರಿಟಿಯವರಿದ್ದಾರೆ. "ಮೇಡಂ, ಡ್ಯಾನ್ಸ್ ಎಲ್ಲ ಆಚೆ ಮಾಡ್ಕೊಳ್ಳಿ, ಇಲ್ಲಿ ಹಳದಿ ಗೆರೆ ದಾಟಂಗಿಲ್ಲ."

ಸರಿ, ನಂದಿಯ ಭೋಗನಂದೀಶ್ವರನಲ್ಲಿಗೆ ಸವಾರಿ. ಕಲ್ಯಾಣಿಯ ಮೆಟ್ಟಿಲ ಮೇಲೆ ಕಾಲು ಇಳಿಸಿದರೆ ಸಾವಿರ ವರ್ಷದ ಹಿನ್ನೆಲೆ ಬಿಟ್ಟಿ ಸಿಗುತ್ತದೆ. ಆದರೆ ಅದು ಪುರಾತತ್ತ್ವ ಇಲಾಖೆಯ ರಕ್ಷಿತ ಸ್ಮಾರಕ; ಅನುಮತಿಪತ್ರವಿಲ್ಲದೆ ಟ್ರೈಪಾಡ್‌ಗೆ ಮೂರು ಕಾಲೂರಲು ಜಾಗವಿಲ್ಲ. ನಾಯಿಕೆಯ ಎರಡು ಕಾಲಿಗೆ ಅಭ್ಯಂತರವಿಲ್ಲವಂತೆ. ಕೊನೆಗೆ ಸಿಂಟೆಕ್ಸ್ ಪಕ್ಕ ಎದ್ದ ಕಾಲು ಬೆಟ್ಟದ ತಪ್ಪಲಿನ ಹುಲ್ಲುಬಯಲಿನಲ್ಲಿ ಇಳಿಯುತ್ತದೆ. ಡ್ರೋನ್ ಮೇಲೇರುತ್ತದೆ. 250 ಗ್ರಾಂ ಮೀರದ್ದು ನಿಯಮದ ಪ್ರಕಾರ ನ್ಯಾನೊ, ಹಾರಿಸಲು ಪೈಲಟ್ ಪರವಾನಗಿ ಬೇಡ. ಹುಲ್ಲಿನ ನಡುವೆ ಅವಳೊಂದು ಬಿಳಿ ಚುಕ್ಕೆ. ಎಂಥ ಏಕಾಂತ! ಇನ್ನೂ ಮೇಲೇರಿದರೆ ಪಕ್ಕದಲ್ಲೇ ಪ್ರೀ-ವೆಡ್ಡಿಂಗ್ ಶೂಟ್‌ಗೆ ಬಂದಿರುವ ಮೂರು ಜೋಡಿಗಳೂ ಚೌಕಟ್ಟಿನೊಳಗೆ ಬರುವುದರಿಂದ ಏಕಾಂತವನ್ನು ತಾಳೆಮರದ ಎತ್ತರಕ್ಕೇ ನಿಲ್ಲಿಸಬೇಕಾಯಿತು.

ಇನ್ನು ಮಳೆ. ವಿರಹಕ್ಕೆ ಮಳೆ ಬೇಕೇ ಬೇಕು. ಬೆಂಗಳೂರಿನ ಮಳೆಯಾದರೋ ಕೊಡೆ ಮರೆತವರ ಮೇಲೆ ಮಾತ್ರ ಸುರಿಯುವಂಥದು, ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತದೆ. ಆದ್ದರಿಂದ ತಾರಸಿಯಲ್ಲಿ ಗಿಡಕ್ಕೆ ನೀರು ಹಾಯಿಸುವ ಪೈಪು ಹಿಡಿದು ಚಿಕ್ಕಮ್ಮನ ಮಗ ನೀರಿನ ಟ್ಯಾಂಕಿನ ಮೇಲೆ ಹತ್ತಿದ್ದಾನೆ. ನಾಯಿಕೆ ಆಕಾಶಕ್ಕೆ ಮುಖವೊಡ್ಡಿ ತೋಯುತ್ತಿರುವಾಗ ಕೆಳಗಿನಿಂದ ಅಶರೀರವಾಣಿ:

"ಏನೇ ಅದು ಮೇಲೆ? ಟ್ಯಾಂಕರ್ ನೀರು ಕಣೇ ಅದು!"

"ಅಮ್ಮಾ, ಟೇಕ್ ನಡೀತಿದೆ!"

"ಟೇಕಾದ್ರೂ ತಗೋ, ಬಿಲ್ಲಾದ್ರೂ ತಗೋ. ನಾಳೆ ಪಾತ್ರೆ ತೊಳೆಯೋಕೆ ನಿನ್ನ ಕಣ್ಣೀರೇ ಗತಿ."

ಅಮ್ಮನ ಆತಂಕಕ್ಕೆ ಇತಿಹಾಸದ ಬೆಂಬಲವಿದೆ. 2024ರ ಮಾರ್ಚಿನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕಾರಂಜಿ ಹಾರಿಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತ್ತು. ಪಟ್ಟಿಯಲ್ಲಿ ವಿರಹದ ಹೆಸರಿರಲಿಲ್ಲ, ಅಷ್ಟೆ.

ಆ ಚಿಕ್ಕಮ್ಮನ ಮಗನೇ ಚಿತ್ರದ ಪ್ರೇಮಿಯೂ ಹೌದು. ಅವನ ಮುಖ ತೋರಿಸುವಂತಿಲ್ಲ, ಸಮಾಜ ಏನೆಂದೀತು? ಆದ್ದರಿಂದ ಬೆನ್ನು ಮಾತ್ರ. ಹುಲ್ಲಿನಲ್ಲಿ ನಡೆದು ಹೋಗುವ ಬೆನ್ನು, ಬಾಗಿಲು ದಾಟುವ ಬೆನ್ನು, ಕಿಟಕಿಯಾಚೆ ಮಸುಕಾಗುವ ಬೆನ್ನು. ಹುಡುಗ ಬಿ.ಕಾಂ. ಎರಡನೇ ವರ್ಷ. ಬೆನ್ನಿನಲ್ಲೇ ನಿರ್ದಯತೆ ತರುವುದು ಹೇಗೆಂದು ರಾತ್ರಿಯೆಲ್ಲ ಬೀರುವಿನ ಕನ್ನಡಿಯೆದುರು ಕತ್ತು ಹೊರಳಿಸಿ ಅಭ್ಯಾಸ ಮಾಡಿದ್ದಾನೆ.

ದುಃಖದ ದೃಶ್ಯಗಳನ್ನೆಲ್ಲ ಸೆಕೆಂಡಿಗೆ 120 ಫ್ರೇಮಿನಂತೆ ತೆಗೆದು 24ರಂತೆ ಓಡಿಸುತ್ತಾರೆ. ಲೆಕ್ಕ ಸರಳ: ಒಂದು ನಿಟ್ಟುಸಿರು ಐದಾಗುತ್ತದೆ. ಹುಬ್ಬು ಏರಿ ಇಳಿಯುವಷ್ಟರಲ್ಲಿ ನೋಡುವವರು ಒಳಗೆ ಹೋಗಿ ಒಗ್ಗರಣೆ ಹಾಕಿ ಬರಬಹುದು. ಗುರುಗಳಿಗೆ ಇದು ಸಮ್ಮತವಲ್ಲ. "ವೆಂಕಟಲಕ್ಷಮ್ಮನವರು ಕೂತಲ್ಲೇ ಕೂತು ಒಂದೇ ಸಾಲಿಗೆ ಎಷ್ಟು ಬಗೆ ಅಭಿನಯ ಹಿಡೀತಿದ್ರು ಗೊತ್ತೇನೇ? ಅವರಿಗೆ ಯಾವ ಯಂತ್ರ ಇತ್ತು?" ಎನ್ನುತ್ತಾರೆ. ಗುರುಗಳ ಮಾತು ನಿಜ. ಜಟ್ಟಿ ತಾಯಮ್ಮನವರಿಂದ ಕಲಿತ ಕೆ. ವೆಂಕಟಲಕ್ಷಮ್ಮ (1906-2002) ಮೈಸೂರು ಶೈಲಿಯ ಅಭಿನಯಕ್ಕೇ ಇನ್ನೊಂದು ಹೆಸರಾಗಿದ್ದವರು, 1992ರಲ್ಲಿ ಪದ್ಮಭೂಷಣ ಪಡೆದವರು. ಅವರ ಕಣ್ಣಿಗೆ ಫೋಕಸ್ ಎಳೆಯಲು ಬೇರೆ ಆಳು ಬೇಕಿರಲಿಲ್ಲ.

ಚಿತ್ರದ ಎರಡನೆಯ ಭಾಗ ಬದಲಾವಣೆ. ನಾಯಿಕೆ ಬದಲಾದದ್ದು ನೋಡುವವರಿಗೆ ತಿಳಿಯಬೇಕಾದರೆ ಕೂದಲು ಕತ್ತರಿಸಿಕೊಳ್ಳಬೇಕು; ಇದು ಕಿರುಚಿತ್ರಲೋಕದ ಕಾನೂನು. ಸೊಂಟದವರೆಗಿನ ಜಡೆಗೆ ಅಮ್ಮ ಇಪ್ಪತ್ತು ವರ್ಷ ಹರಳೆಣ್ಣೆ ತಿಕ್ಕಿದ್ದಾರೆ, ದಸರೆಗೆ ಕಾರ್ಯಕ್ರಮವೂ ಇದೆ. ಉಪಾಯ ಹೊಳೆದದ್ದು ಸಖಿಗೆ. ರಂಗಪ್ರವೇಶದ ಪೆಟ್ಟಿಗೆಯಿಂದ ಚೌರಿ ಹೊರಬಂತು. ಕನ್ನಡಿಯ ಮುಂದೆ, ನಡುಗುವ ಕೈಯಲ್ಲಿ, ತಂಬೂರಿಯ ಶ್ರುತಿಗೆ ಸರಿಯಾಗಿ ನಾಯಿಕೆ ಚೌರಿಯನ್ನು ಕಚಕ್ಕನೆ ಕತ್ತರಿಸಿ ತನ್ನ ಗತಕಾಲವನ್ನು ನೆಲಕ್ಕೆ ಚೆಲ್ಲಿದಳು. ಬಳಿಕ ಬಣ್ಣ ತಿದ್ದುವಾಗ ನೀಲಿ ತೆಗೆದು ಹಳದಿ ಸುರಿದರು. ಬದಲಾವಣೆ ಸಂಪನ್ನವಾಯಿತು.

ನಿಜಕ್ಕೂ ಏನಾದರೂ ಬದಲಾಗಿದ್ದರೆ ಅದು ಎಡಿಟಿಂಗ್‌ನಲ್ಲಿ. ಮೊದಲ ರಾತ್ರಿ ತಾನು ಅಳುವ ಶಾಟ್ ನೋಡಿ ಅತ್ತಳು. ಆಮೇಲೆ ಅದನ್ನೇ ಹಿಂದೆ ಮುಂದೆ ಎಳೆದು, ನಿಲ್ಲಿಸಿ, ದೊಡ್ಡದು ಮಾಡಿ ನೋಡುತ್ತ ನೋಡುತ್ತ ಭಾಷೆಯೇ ಬೇರೆಯಾಯಿತು. "ಈ ಕಣ್ಣೀರು ನಾಲ್ಕು ಫ್ರೇಮ್ ಲೇಟು. ಎರಡನೇ ಟೇಕಿನ ಕಣ್ಣೀರು ಹಾಕು, ಮೂರನೇದರಲ್ಲಿ ಮೂಗು ಕೆಂಪಾಗಿದೆ." ಎಕ್ಸೆಲ್ ಹಾಳೆಯಲ್ಲಿ ಲೆನ್ಸು, ಕ್ಯಾಬು, ಡ್ರೋನುಗಳ ಸಾಲಿನ ಕೆಳಗೆ ಮೊತ್ತ ನೋಡಿದಾಗ ಎದೆ ಒಡೆಯಿತಲ್ಲ, ಆ ಹುಡುಗನಿಗಾಗಿ ಅಷ್ಟು ಒಡೆದಿರಲಿಲ್ಲ. ಅವನ ಹುಟ್ಟುಹಬ್ಬ ಬಂದು ಹೋದದ್ದು ಗೊತ್ತಾಗಲಿಲ್ಲ. ಅಂದು ಅವಳು ಸಬ್‌ಟೈಟಲ್ ತಿದ್ದುತ್ತಿದ್ದಳು.

ಮೊದಲ ಪ್ರದರ್ಶನ ಮನೆಯ ಟಿವಿಯಲ್ಲಿ. ಗುರುಗಳು ಕನ್ನಡಕ ಒರೆಸಿಕೊಂಡು, "ಅರಮಂಡಿ ಇನ್ನೂ ಕೂರಬೇಕು" ಎಂದರು. ಅಮ್ಮ ಚೌರಿಯ ಬೆಲೆ ಹೇಳಿದರು. ಅಜ್ಜಿಗೆ ಮಾತ್ರ ನಿಜವಾದ ಕಳವಳ: "ಪಾಪ, ಆ ಹುಡುಗ ಯಾಕೆ ತಿರುಗೋದೇ ಇಲ್ಲ? ಕತ್ತು ಉಳುಕಿದೆಯೇನೋ."

ಚಿತ್ರ ಊರಿಗೆಲ್ಲ ತಲುಪಿದ ಮೇಲೆ ಒಂದು ರಾತ್ರಿ ಅವನದೇ ಸಂದೇಶ ಬಂತು: "ನೋಡ್ದೆ. ಚೆನ್ನಾಗಿದೆ. ಸ್ವಲ್ಪ ಉದ್ದ ಆಯ್ತೇನೋ." ಸಖಿ ಉಸಿರು ಬಿಗಿಹಿಡಿದು ನಾಯಿಕೆಯ ಮುಖ ನೋಡಿದಳು. ಬಿಟ್ಟು ಹೋದಾಗಲೂ ಇವಳಿಗೆ ಈ ಪರಿ ಸಿಟ್ಟು ಬಂದಿರಲಿಲ್ಲ. "ಉದ್ದವಂತೆ! ಇವನಿಗೇನು ಗೊತ್ತು ಎಡಿಟಿಂಗ್?" ಎಂದು ಲ್ಯಾಪ್‌ಟಾಪ್ ತೆರೆದು, ಹಟಕ್ಕೆ ಮೊದಲಿಂದ ಕೊನೆಯವರೆಗೆ ನೋಡಿದಳು. ಉದ್ದವಾಗಿತ್ತು. ಬೆಳಗಾಗುವುದರೊಳಗೆ ಒಂದೂವರೆ ನಿಮಿಷ ಕತ್ತರಿಸಿದಳು, ಎಲ್ಲವೂ ಬೆನ್ನಿನ ಶಾಟ್‌ಗಳು.

ಈಗ ಅವಳು ಆರಾಮವಾಗಿದ್ದಾಳೆ, ಮುಂದಿನ ಚಿತ್ರಕ್ಕೆ ಲೊಕೇಶನ್ ನೋಡುತ್ತಿದ್ದಾಳೆ. ಚಿಕ್ಕಮ್ಮನ ಮಗ ಮಾತ್ರ ಊಟ ಸರಿಯಾಗಿ ಮಾಡುತ್ತಿಲ್ಲವಂತೆ, ಗಡ್ಡ ಬಿಟ್ಟಿದ್ದಾನೆ.