ಆರು ಬಡಿತದ ಎಂಜಿನ್ನಿಗೆ ನಾಲ್ಕು ಬಡಿತ ಸಲ್ಲದು

ರಾಯರೇ, ಮಗ ಮ್ಯಾಂಚೆಸ್ಟರಿನಿಂದ ತಂದ ಡಬ್ಬಿ ಬಿಚ್ಚಿದಿರಂತೆ. ಫ್ಲೈಯಿಂಗ್ ಸ್ಕಾಟ್ಸ್‌ಮನ್ ಎಂಜಿನ್ನೇ! ಓಓ ಅಳತೆ, ಅಂದರೆ ಅಸಲಿ ಎಂಜಿನ್ನಿನ 76ರಲ್ಲಿ ಒಂದು ಪಾಲು. ಇನ್ನು ಅದಕ್ಕೆ ದನಿ ಕೊಡಿಸಬೇಕು, ದನಿ ಹೊರಡಿಸುವ ಚಿಪ್ಪು, ಅಂದರೆ ಸೌಂಡ್ ಡಿಕೋಡರ್, ಯಾವುದು ತರಿಸಲಿ ಅಂತ ಕೇಳಿದಿರಲ್ಲ, ಈಗ ಪುರಸೊತ್ತಾಗಿದೆ. ಕಾಫಿ ಲೋಟ ಹೀಗೆ ಗೋಡೆ ಮೇಲಿಟ್ಟು ಕೇಳಿ.

ಬೆಲೆ, ಬ್ರಾಂಡು ಎಲ್ಲ ಆಮೇಲೆ. ಮೊದಲು ಬಡಿತ ಎಣಿಸಬೇಕು. ಸ್ಟೀಮ್ ಎಂಜಿನ್ನಿನ ಪಿಸ್ಟನ್ನನ್ನು ಹೋಗುವಾಗಲೂ ಬರುವಾಗಲೂ ಉಗಿಯೇ ತಳ್ಳುತ್ತದೆ. ಹಾಗಾಗಿ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಪ್ರತಿ ಸಿಲಿಂಡರೂ ಎರಡು ಸಲ ಉಗಿ ಬಿಡುತ್ತದೆ. ಆ ಉಗಿ ಚಿಮಣಿಯಿಂದ ನುಗ್ಗುವ ಸದ್ದೇ ನಮಗೆ ಕೇಳುವ ಚುಕ್. ನಾವು ಕೇಳಿ ಬೆಳೆದದ್ದು ಮೀಟರ್ ಗೇಜಿನ ವೈಪಿ ಎಂಜಿನ್ನು. ಅದಕ್ಕೆ ಎರಡು ಸಿಲಿಂಡರ್, ಸುತ್ತಿಗೆ ನಾಲ್ಕು ಬಡಿತ. ಅದಕ್ಕೇ ನಮ್ಮ ಕಿವಿಗೆ ನಾಲ್ಕು ಕೇಳಿದರೆ ಎಲ್ಲ ಸರಿಯಾಗಿದೆ ಅನ್ನಿಸಿಬಿಡುತ್ತದೆ. ನಿಮ್ಮ ಸ್ಕಾಟ್ಸ್‌ಮನ್ ಹಾಗಲ್ಲ. ನೈಜೆಲ್ ಗ್ರೆಸ್ಲಿ ವಿನ್ಯಾಸ ಮಾಡಿ 1923ರಲ್ಲಿ ಡಾನ್‌ಕಾಸ್ಟರಿನಲ್ಲಿ ಕಟ್ಟಿದ ಎಂಜಿನ್ನದು. ಸಿಲಿಂಡರ್ ಮೂರು, ಬಡಿತ ಆರು. ಅದಕ್ಕೆ ನಾಲ್ಕು ಬಡಿತದ ದನಿ ತುಂಬಿದರೆ ರೂಪಕ ತಾಳದ ಕೀರ್ತನೆಗೆ ಚತುರಶ್ರ ಏಕತಾಳ ಹಾಕಿದ ಹಾಗೆ.

ಸಿಲಿಂಡರ್ ಎಣಿಸಿ ಎರಡರಿಂದ ಗುಣಿಸಿದರೆ ಮುಗಿಯಿತು ಅಂತಲೂ ಅಲ್ಲ ರಾಯರೇ. ಗ್ರೇಟ್ ವೆಸ್ಟರ್ನ್ ರೈಲ್ವೆಯ ಕಾಸಲ್ ಎಂಜಿನ್ನುಗಳಿಗೆ ನಾಲ್ಕು ಸಿಲಿಂಡರ್, ಆದರೆ ಎರಡೆರಡು ಒಟ್ಟಿಗೇ ಉಗಿ ಬಿಡುವುದರಿಂದ ಕೇಳುವುದು ನಾಲ್ಕೇ ಬಡಿತ. ಸದರ್ನ್ ರೈಲ್ವೆಯ ಲಾರ್ಡ್ ನೆಲ್ಸನ್ನಿಗೂ ನಾಲ್ಕೇ ಸಿಲಿಂಡರ್. ಅದರ ಕ್ರ್ಯಾಂಕುಗಳನ್ನು ಬೇರೆ ಕೋನದಲ್ಲಿ ಕೂರಿಸಿದ್ದರಿಂದ ಎಂಟು ಬಡಿತ! ಆದ್ದರಿಂದ ಆ ಎಂಜಿನ್ನಿನ ಜಾತಕವನ್ನೇ ಓದಬೇಕು.

ಗ್ರೆಸ್ಲಿ ಎಂಜಿನ್ನುಗಳಲ್ಲಿ ಇನ್ನೊಂದು ಸೊಗಸಿದೆ. ನಡುವಿನ ಸಿಲಿಂಡರಿನ ಕವಾಟಕ್ಕೆ ಸ್ವಂತ ಚಾಲಕವಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರುಗಳ ಕವಾಟಗಳ ಚಲನೆಯನ್ನು ಸನ್ನೆಕೋಲುಗಳಿಂದ ಎರವಲು ಪಡೆದು ಅದು ಆಡುತ್ತದೆ. ಕೀಲುಗಳು ಸವೆದಂತೆ ಆ ನಡುವಿನ ಬಡಿತ ಸ್ವಲ್ಪ ಹದ ತಪ್ಪುತ್ತದೆ. ಆರೂ ಬಡಿತ ಗಡಿಯಾರದ ಹಾಗೆ ಸಮ ಇದ್ದರೆ ನನಗೆ ಅನುಮಾನ. ಆ ಸಣ್ಣ ಕುಂಟು ಕೇಳಿದರೆ, ಇದು ನಿಜವಾದ ಎಂಜಿನ್ನಿನ ಪಕ್ಕ ಮೈಕ್ ಹಿಡಿದು ತಂದ ದನಿ ಅಂತ ನಂಬಿಕೆ ಬರುತ್ತದೆ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಅಸಲಿ ಎಂಜಿನ್ನಿನ ದೊಡ್ಡ ಚಕ್ರ 6 ಅಡಿ 8 ಅಂಗುಲ ಎತ್ತರ, ನಿಮ್ಮದು ಹತ್ತಿರಹತ್ತಿರ 27 ಮಿಲಿಮೀಟರ್. ಒಂದು ಸುತ್ತಿಗೆ ಸುಮಾರು 84 ಮಿಲಿಮೀಟರ್ ಓಡುತ್ತದೆ, ಅಂದರೆ 14 ಮಿಲಿಮೀಟರಿಗೊಂದು ಚುಕ್. ಚಕ್ರದ ಅಂಚಿಗೆ ಬಿಳಿ ಬಣ್ಣದ ಒಂದು ಚುಕ್ಕೆ ಇಟ್ಟು, ಎಂಜಿನ್ನನ್ನು ತೆವಳುವ ಹಾಗೆ ಓಡಿಸಿ, ಚುಕ್ಕೆ ಮೇಲಕ್ಕೆ ಬಂದಾಗಿನಿಂದ ಮತ್ತೆ ಮೇಲಕ್ಕೆ ಬರುವವರೆಗೆ ಎಣಿಸಿ. ಹೆಚ್ಚುಕಡಿಮೆ ಬಂದರೆ ಗಾಬರಿ ಬೇಡ. ಡಿಕೋಡರಿನೊಳಗೆ ಸಿವಿ ಅಂತ ನಂಬರು ಹಾಕಿದ ಮನೆಗಳಿರುತ್ತವೆ, ಅಲ್ಲಿನ ಅಂಕಿ ತಿದ್ದಿದರೆ ಚುಕ್ಕಿನ ಗತಿ ಚಕ್ರಕ್ಕೆ ಹೊಂದುತ್ತದೆ. ನಿಧಾನದಲ್ಲಿ ಹೊಂದಿಸಿದರೆ ಸಾಕು. ಅಸಲಿ ಎಂಜಿನ್ನು ಗಂಟೆಗೆ 60 ಮೈಲಿ ಓಡುವಾಗ ಸೆಕೆಂಡಿಗೆ ಸುಮಾರು 25 ಬಡಿತ. ಅಷ್ಟು ವೇಗದಲ್ಲಿ ಯಾವ ಕಿವಿಯೂ ಎಣಿಸಲಾರದು, ಒಂದೇ ಮೊರೆತ.

ಎರಡನೇ ಪರೀಕ್ಷೆ ನನಗೆ ಇನ್ನೂ ಮುಖ್ಯ. ಡ್ರೈವರು ಸಿಲಿಂಡರಿಗೆ ಉಗಿ ಹರಿಸುವ ರೆಗ್ಯುಲೇಟರ್ ಮುಚ್ಚಿದಾಗ ಚುಕ್ ಸತ್ತುಹೋಗಬೇಕು. ಗಾಡಿ ತನ್ನ ಓಟದಲ್ಲೇ ಉರುಳುವಾಗ ಕೇಳಬೇಕಾದದ್ದು ಚಕ್ರಗಳನ್ನು ಜೋಡಿಸುವ ಕಂಬಿಗಳ ಕಟಕಟ ಮಾತ್ರ. ಏರಿನಲ್ಲಿ ಭಾರ ಎಳೆಯುವಾಗ ಅದೇ ಚುಕ್ ಗಡುಸಾಗಬೇಕು. ಒಳ್ಳೆಯ ಡಿಕೋಡರ್ ಕ್ಷಣಕ್ಕೊಮ್ಮೆ ಮೋಟಾರಿಗೆ ಕರೆಂಟು ನಿಲ್ಲಿಸಿ, ತಿರುಗುತ್ತಿರುವ ಮೋಟಾರು ತಾನೇ ಹುಟ್ಟಿಸುವ ವೋಲ್ಟೇಜನ್ನು ಅಳೆದು ಭಾರ ಎಷ್ಟೆಂದು ತಿಳಿಯುತ್ತದೆ. ಏರಿಗೂ ಇಳಿಜಾರಿಗೂ ಒಂದೇ ದನಿ ಹೊರಡಿಸುವ ಡಿಕೋಡರ್ ಎಷ್ಟೇ ಅಗ್ಗಕ್ಕೆ ಸಿಕ್ಕಲಿ, ನನಗೆ ಬೇಡ.

ಬ್ರಾಂಡು ಅಂದಿರಲ್ಲ. ಜರ್ಮನಿಯ ಇಎಸ್‌ಯು ಕಂಪನಿಯ ಲೋಕ್‌ಸೌಂಡ್, ವಿಯೆನ್ನಾದ ಜಿಮೋ, ಅಮೆರಿಕದ ಸೌಂಡ್‌ಟ್ರ್ಯಾಕ್ಸಿನ ಸುನಾಮಿ ಎಲ್ಲವೂ ಗಟ್ಟಿ ಸರಕೇ. ಅಮೆರಿಕದ ಎಂಜಿನ್ನಿದ್ದವರಿಗೆ ಸುನಾಮಿ ಸೊಗಸು, ಅಲ್ಲಿಯ ಸೀಟಿ, ಗಂಟೆ ಎಲ್ಲ ಅದರಲ್ಲಿವೆ. ನಿಮ್ಮದು ಇಂಗ್ಲಿಷ್ ಎಂಜಿನ್ನು. ಇಎಸ್‌ಯು, ಜಿಮೋ ಎರಡಕ್ಕೂ ಬೇಕಾದ ದನಿಯನ್ನು ಆಮೇಲೆ ತುಂಬಿಸಬಹುದು. ಬ್ರಿಟನ್ನಿನಲ್ಲಿ ಇಂದಿಗೂ ಓಡುವ ಹಳೆಯ ಎಂಜಿನ್ನುಗಳ ದನಿ ಹಿಡಿದು, ಈ ಚಿಪ್ಪುಗಳಿಗೆ ತುಂಬಿ ಮಾರುವವರಿದ್ದಾರೆ. ದುಡ್ಡು ಚೆಲ್ಲಬೇಕಾದದ್ದು ಅಲ್ಲಿ. ಸೀಟಿಯನ್ನೂ ಗಮನಿಸಿ. ಮಲ್ಲಾರ್ಡ್ ಜಾತಿಯ ಎಂಜಿನ್ನಿಗೆ ಹಲವು ಸ್ವರ ಒಟ್ಟಿಗೆ ಹೊಮ್ಮುವ ಸೀಟಿ, ಅದು ಎಲ್ಲ ಎಂಜಿನ್ನಿಗೂ ಒಪ್ಪುವುದಿಲ್ಲ.

ಸ್ಪೀಕರಿನ ವಿಷಯದಲ್ಲಿ ಜಿಪುಣತನ ಬೇಡ. ಸಕ್ಕರೆ ಅಚ್ಚಿನಷ್ಟು ಪುಟ್ಟ ಶುಗರ್ ಕ್ಯೂಬ್ ಸ್ಪೀಕರುಗಳು ಸಿಗುತ್ತವೆ, ಎಂಜಿನ್ನಿನ ಹಿಂದೆ ಕಲ್ಲಿದ್ದಲು, ನೀರು ಹೊರುವ ಟೆಂಡರಿನ ಹೊಟ್ಟೆಯಲ್ಲಿ ಕೂರುತ್ತವೆ. ಬೆನ್ನಿಗೆ ಗಾಳಿ ಸೋರದ ಡಬ್ಬಿ ಕಡ್ಡಾಯ. ಇಲ್ಲದಿದ್ದರೆ ಹಿಂದಿನ ಅಲೆ ಮುಂದಿನ ಅಲೆಯನ್ನು ನುಂಗಿ, ಚುಕ್ ಹೋಗಿ ಚಿಟ್ ಆಗುತ್ತದೆ. ಡಿಕೋಡರ್ ಕೇಳುವಷ್ಟೇ ಓಮಿನ ಸ್ಪೀಕರು ಹಾಕಿ, ಕಡಿಮೆ ಓಮಿನದು ಹಾಕಿದರೆ ಆಂಪ್ಲಿಫೈಯರು ಸುಟ್ಟೀತು. ವಾಲ್ಯೂಮು ಇಳಿಸಿ. ನಿಮ್ಮ ಹಜಾರದಲ್ಲಿ ಹಾರ್ಮೋನಿಯಂ ದನಿಗಿಂತ ಅದು ಜೋರಾಗಬಾರದು.

ಹಾಂ, ಟೆಂಡರು ಬಿಚ್ಚಿ ಸಾಕೆಟ್ಟು 8 ಪಿನ್ನೋ, 21 ಪಿನ್ನೋ ನೋಡಿಟ್ಟುಕೊಳ್ಳಿ. ಕಂಟ್ರೋಲರು ಡಿಸಿಸಿಯದೇ, ಅಂದರೆ ಹಳಿಯ ಮೂಲಕ ಡಿಕೋಡರಿಗೆ ಡಿಜಿಟಲ್ ಆಜ್ಞೆ ಕಳಿಸುವಂಥದೇ ತಾನೆ ಅಂತ ಮಗನನ್ನು ಕೇಳಿ. ಹಳೇ ಡಿಸಿ ಕಂಟ್ರೋಲರಿನಲ್ಲಿ ಈ ಖರ್ಚಿನ ಅರ್ಧ ಸುಖವೂ ಸಿಗುವುದಿಲ್ಲ. ಮಾರುವವರು ನಮೂನೆಯ ಧ್ವನಿ ಕೇಳಿಸುತ್ತಾರೆ, ಕಣ್ಣು ಮುಚ್ಚಿ ಕೇಳಿ. ಸುತ್ತಿಗೆ ಆರು ಬಾರದಿದ್ದರೆ, ರೆಗ್ಯುಲೇಟರ್ ಮುಚ್ಚಿದಾಗ ಚುಕ್ ನಿಲ್ಲದಿದ್ದರೆ ದಯವಿಟ್ಟು ದುಡ್ಡು ಕೊಡಬೇಡಿ ರಾಯರೇ, ಇನ್ನೊಂದು ತಿಂಗಳು ಕಾಯಿರಿ.